ಡರ್ಟ್ ಬೈಕಿಗೆ ಆರ್‌ಸಿ ಸಿಗುತ್ತದೆಯೇ? ರಸ್ತೆಗೆ ಇಳಿಸುವ ಮುನ್ನ ತಿಳಿಯಬೇಕಾದ ಕಾನೂನು

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಬೈಕ್ ಗ್ಯಾರೇಜುಗಳಲ್ಲಿ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಬೆಂಗಳೂರಿನಲ್ಲಿ ಯಾರೋ ಡರ್ಟ್ ಬೈಕ್ ಮಾರುತ್ತಿದ್ದಾರೆ, ಗಾಡಿ ಚೆನ್ನಾಗಿದೆ, ಬೆಲೆಯೂ ಕೈಗೆಟುಕುವಂತಿದೆ, ಆರ್‌ಸಿ ಮಾತ್ರ ಇಲ್ಲ. ಹೆಡ್‌ಲೈಟು, ಹಾರ್ನು, ಕನ್ನಡಿ, ಇಂಡಿಕೇಟರ್ ಹಾಕಿಸಿ ಆರ್‌ಟಿಒ ಕಚೇರಿಗೆ ಒಯ್ದರೆ ಕೆಎ 07 ನಂಬರ್ ಕೊಡುತ್ತಾರೆಯೇ ಎಂಬುದು ಆ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೊಡುವುದಿಲ್ಲ. ಕಚೇರಿಯಲ್ಲಿ ಕುಳಿತವರಿಗೆ ಮನಸ್ಸಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಕೊಡಲು ಅವರಿಗೆ ಅಧಿಕಾರವೇ ಇಲ್ಲ. ಈ ಕಾರಣವನ್ನು ಸರಿಯಾಗಿ ಅರಿತುಕೊಂಡರೆ, ಅದೇ ಹಣದಲ್ಲಿ ಕಲ್ಲುದಾರಿಗೂ ಟಾರು ರಸ್ತೆಗೂ ಒಗ್ಗುವ ಬೈಕನ್ನು ಯಾವ ಅಂಜಿಕೆಯೂ ಇಲ್ಲದೆ ಇಟ್ಟುಕೊಳ್ಳುವ ಬಗೆಯೂ ತಿಳಿಯುತ್ತದೆ.

ಡರ್ಟ್ ಬೈಕ್ ಎಂಬ ಒಂದೇ ಹೆಸರಿನಲ್ಲಿ ನಾವು ಹಲವು ಜಾತಿಯ ಗಾಡಿಗಳನ್ನು ಕರೆಯುತ್ತೇವೆ. ಮೋಟೋಕ್ರಾಸ್ ಬೈಕುಗಳನ್ನು ಬೇಲಿ ಹಾಕಿದ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯಲು, ದಿಬ್ಬಗಳಿಂದ ಹಾರಿ ಇಳಿಯಲು ಮಾಡಿರುತ್ತಾರೆ. ಕವಾಸಾಕಿ ಕಂಪನಿಯ ಕೆಎಕ್ಸ್ 250, ಕೆಎಕ್ಸ್ 450, ಕೆಟಿಎಂ ಕಂಪನಿಯ 450 ಎಸ್‌ಎಕ್ಸ್-ಎಫ್ ಈ ಗುಂಪಿನವು. ಇವು ಭಾರತದಲ್ಲಿ ಅಧಿಕೃತವಾಗಿಯೇ ಮಾರಾಟವಾಗಿವೆ, ಆದರೆ ಸಾರ್ವಜನಿಕ ರಸ್ತೆಗೆ ಅಲ್ಲ ಎಂಬ ಷರತ್ತಿನೊಂದಿಗೆ. ಎಂಡ್ಯೂರೊ ಬೈಕುಗಳು ಕಾಡುಹಾದಿ, ಹಳ್ಳಕೊಳ್ಳಗಳಲ್ಲಿ ಗಂಟೆಗಟ್ಟಲೆ ಓಡುವವು. ಇವುಗಳಿಗೆ ಸಣ್ಣದೊಂದು ಹೆಡ್‌ಲೈಟು ಇರುವುದುಂಟು. ಟ್ರಯಲ್ಸ್ ಬೈಕುಗಳಲ್ಲಿ ಕುಳಿತುಕೊಳ್ಳಲು ಸರಿಯಾದ ಸೀಟೇ ಇರುವುದಿಲ್ಲ, ಸವಾರ ನಿಂತೇ ಬಂಡೆಗಳ ಮೇಲೆ ಹತ್ತಿಸಬೇಕು. ಇವೆಲ್ಲಕ್ಕಿಂತ ಬೇರೆಯಾದದ್ದು ರ‍್ಯಾಲಿ ಬೈಕು. ಡಕಾರ್‌ನಂಥ ರ‍್ಯಾಲಿಗಳಲ್ಲಿ ಒಂದು ಸ್ಪರ್ಧಾ ಹಂತದಿಂದ ಇನ್ನೊಂದಕ್ಕೆ ಹೋಗಲು ಸಾರ್ವಜನಿಕ ರಸ್ತೆಯನ್ನೇ ಹಿಡಿಯಬೇಕಾಗುವುದರಿಂದ ರ‍್ಯಾಲಿ ಬೈಕಿಗೆ ದೀಪವೂ ಬೇಕು, ನಂಬರ್ ಪ್ಲೇಟೂ ಬೇಕು. ಮೋಟೋಕ್ರಾಸ್ ಬೈಕು ಟ್ರ್ಯಾಕಿನ ಬೇಲಿ ದಾಟುವುದೇ ಇಲ್ಲವಾದ್ದರಿಂದ ಅದನ್ನು ಮಾಡಿದವರು ಇವೆರಡನ್ನೂ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಮೋಟೋಕ್ರಾಸ್ ಬೈಕಿನ ಪಕ್ಕದಲ್ಲಿ ನಿಂತು ನೋಡಿದರೆ ಇದು ಎದ್ದು ಕಾಣುತ್ತದೆ. ಸೀಟು ನೆಲದಿಂದ 950 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಸೈಡ್ ಸ್ಟ್ಯಾಂಡ್ ಇರುವುದಿಲ್ಲ. ಗಾಡಿಯನ್ನು ನಿಲ್ಲಿಸಬೇಕಾದರೆ ಎಂಜಿನ್ ಅಡಿಗೆ ಸ್ಟೂಲಿನಂಥದ್ದನ್ನು ಕೊಡಬೇಕು. ಸ್ಪೀಡೋಮೀಟರ್ ಇಲ್ಲ, ಬೀಗದ ಕೈ ಇಲ್ಲ, ಹಿಂದಿನ ಸವಾರನಿಗೆ ಜಾಗವಾಗಲಿ ಕಾಲಿಡಲು ಆಸರೆಯಾಗಲಿ ಇಲ್ಲ. ಬ್ರೇಕ್ ಹಿಡಿದರೆ ದೀಪ ಹೊತ್ತಿಸುವ ಸ್ವಿಚ್ಚೂ ಇರುವುದಿಲ್ಲ. ಎಂಜಿನ್‌ನೊಳಗಿನ ಕರೆಂಟ್ ಕಾಯಿಲ್ ಕಿಡಿ ಕೊಡಲು, ಪೆಟ್ರೋಲ್ ಸಿಂಪಡಿಸಲು ಬೇಕಾದಷ್ಟನ್ನು ಮಾತ್ರ ಉತ್ಪಾದಿಸುತ್ತದೆ. ಅದರ ಮೇಲೆ ಹೆಡ್‌ಲೈಟಿನ ಭಾರ ಹೊರಿಸಿದರೆ ತಡೆಯುವುದಿಲ್ಲ. ಎಣ್ಣೆ ಬದಲಾವಣೆಯಿಂದ ಹಿಡಿದು ಪಿಸ್ಟನ್ ಬದಲಾವಣೆಯವರೆಗೆ ಎಲ್ಲ ಲೆಕ್ಕವೂ ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ. ಇಂಥ ಗಾಡಿಯಲ್ಲಿ ದಿನವೂ ಕೋಲಾರದಿಂದ ನರಸಾಪುರದ ಕಾರ್ಖಾನೆಗೆ ಹೋಗಿಬರುತ್ತೇನೆ ಎನ್ನುವವರು ಕಾನೂನಿಗೂ ಮೊದಲು ಮೆಕ್ಯಾನಿಕ್‌ನ ಬಿಲ್ಲಿಗೆ ಹೆದರಬೇಕು.

ಹಾಗಿದ್ದರೂ ದೀಪ, ಹಾರ್ನು ಹಾಕಿಸಿ ರಸ್ತೆಗೆ ಇಳಿಸಿಬಿಡಬಹುದು ಎಂಬ ನಂಬಿಕೆ ಹುಟ್ಟಿದ್ದು ಬಹುಮಟ್ಟಿಗೆ ಅಮೆರಿಕದ ವಿಡಿಯೊಗಳಿಂದ. ಅಲ್ಲಿ ಇದಕ್ಕೆಂದೇ ಕಿಟ್‌ಗಳು ಸಿಗುತ್ತವೆ. ಹೆಡ್‌ಲೈಟು, ಹಿಂದಿನ ದೀಪ, ಇಂಡಿಕೇಟರ್, ಹಾರ್ನು, ಕನ್ನಡಿ, ಇವುಗಳ ಜೊತೆಗೆ ಬ್ರೇಕ್ ಪೈಪು ಸೇರುವಲ್ಲಿನ ಬೋಲ್ಟನ್ನು ತೆಗೆದು ಆ ಜಾಗದಲ್ಲಿ ತಿರುಗಿಸುವ ಒಂದು ಬೋಲ್ಟು ಇರುತ್ತದೆ. ಅದರ ತಲೆಯಲ್ಲೇ ಬ್ರೇಕ್ ಎಣ್ಣೆಯ ಒತ್ತಡಕ್ಕೆ ಹಿಂದಿನ ದೀಪ ಹೊತ್ತಿಸುವ ಸ್ವಿಚ್ ಅಡಗಿರುತ್ತದೆ. ಅಚ್ಚುಕಟ್ಟಾದ ಕೆಲಸ, ಒಂದು ಭಾನುವಾರದಲ್ಲಿ ಮುಗಿಯುವಂಥದ್ದು. ಅಮೆರಿಕದಲ್ಲಿ ವಾಹನ ನೋಂದಣಿ ರಾಜ್ಯಗಳ ಕೈಯಲ್ಲಿದೆ. ಅರಿಜೋನಾದಂಥ ಕೆಲವು ರಾಜ್ಯಗಳು ಹೀಗೆ ಸಜ್ಜುಗೊಳಿಸಿದ ಬೈಕನ್ನು ಪರಿಶೀಲಿಸಿ ರಸ್ತೆಯಲ್ಲಿ ಓಡಿಸಲು ಒಪ್ಪಿಗೆ ಕೊಡುತ್ತ ಬಂದಿವೆ. ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ತದ್ವಿರುದ್ಧ: ಹೊಗೆಯ ಪ್ರಮಾಣಕ್ಕೆ ಸಂಬಂಧಿಸಿ ಕಾರ್ಖಾನೆಯಲ್ಲಿ ಅಂಟಿಸಿದ ಚೀಟಿ ಏನು ಹೇಳುತ್ತದೆ ಎಂಬುದೇ ಅಲ್ಲಿ ಮುಖ್ಯ, ರಸ್ತೆಯಾಚೆಗಿನ ಬಳಕೆಗೆಂದು ತಯಾರಾದ ಬೈಕು, ಮೇಲೆ ಏನೇ ಜೋಡಿಸಿದರೂ, ರಸ್ತೆಯಾಚೆಗೇ ಸೀಮಿತ. ನಮ್ಮ ದೇಶದ ವ್ಯವಸ್ಥೆ ಕ್ಯಾಲಿಫೋರ್ನಿಯಾದ ಈ ಕ್ರಮಕ್ಕೆ ಹತ್ತಿರವಾದದ್ದು, ಒಂದರ್ಥದಲ್ಲಿ ಅದಕ್ಕಿಂತಲೂ ಬಿಗಿ.

ನಮ್ಮಲ್ಲಿ ಇದನ್ನು ಆಳುವುದು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಮೋಟಾರು ವಾಹನವನ್ನು ಯಾರೂ ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಮಾಲೀಕನು ಓಡಿಸಲು ಬಿಡುವಂತೆಯೂ ಇಲ್ಲ. ಇಲ್ಲಿ ಎರಡು ಪದಗಳ ವ್ಯಾಪ್ತಿಯನ್ನು ಗಮನಿಸಬೇಕು. ಸಾರ್ವಜನಿಕ ಸ್ಥಳವೆಂದರೆ ಟಾರು ರಸ್ತೆ ಮಾತ್ರವಲ್ಲ. ಜನರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರೆ ಯಾವುದೇ ಜಾಗ ಅದರೊಳಗೆ ಬರುತ್ತದೆ. ಊರಿನಿಂದ ಹೊಲಕ್ಕೆ ಹೋಗುವ ಬಂಡಿದಾರಿಯೂ, ಎಲ್ಲರೂ ದನ ಮೇಯಿಸುವ ಬಯಲೂ ಇದರಿಂದ ಹೊರಗುಳಿಯುವುದು ಕಷ್ಟ. ಮೋಟಾರು ವಾಹನವೆಂದರೆ ರಸ್ತೆಯ ಬಳಕೆಗೆ ಹೊಂದಿಕೊಂಡ, ಯಂತ್ರಬಲದಿಂದ ಚಲಿಸುವ ಯಾವುದೇ ವಾಹನ. ಹಾಗಾದರೆ ಡರ್ಟ್ ಬೈಕು ರಸ್ತೆಗೆ ಹೊಂದಿಕೊಂಡದ್ದೇ ಅಲ್ಲವಲ್ಲ, ಅದು ಕಾಯ್ದೆಯ ಹೊರಗೇ ಉಳಿಯಿತಲ್ಲ ಎಂದು ವಾದಿಸುವವರಿದ್ದಾರೆ. ಗಣಿಯೊಳಗೆ ಓಡುವ ಡಂಪರುಗಳ ವಿಷಯದಲ್ಲಿ ಇದೇ ಬಗೆಯ ವಾದ 1974ರಲ್ಲೇ, ಆಗಿನ ಹಳೆಯ ಕಾಯ್ದೆಯಡಿ, ಬೊಲಾನಿ ಓರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ರಸ್ತೆಯ ಮೇಲೆ ಓಡಲು ತಕ್ಕುದಾಗಿದ್ದರೆ ಸಾಕು ಎಂಬ ಅರ್ಥವನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಆ ಅಳತೆಯಲ್ಲಿ, ರಸ್ತೆಗಿಳಿದು ಓಡುತ್ತಿರುವ ಡರ್ಟ್ ಬೈಕು ನಾನು ಮೋಟಾರು ವಾಹನವಲ್ಲ ಎನ್ನಲು ಬರುವುದಿಲ್ಲ.

ಕಾಯ್ದೆಯಲ್ಲಿ ಸಣ್ಣ ವಿನಾಯಿತಿಯೊಂದಿದೆ, ಮತ್ತು ಅದನ್ನು ತಪ್ಪಾಗಿ ಹೇಳುತ್ತ ಮಾರುವವರೂ ಇದ್ದಾರೆ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ಆನ್‌ಲೈನಿನಲ್ಲಿ ಮಕ್ಕಳಿಗೆಂದು ಸಿಗುವ ಪುಟ್ಟ ಡರ್ಟ್ ಬೈಕುಗಳು ಸಾಮಾನ್ಯವಾಗಿ 49 ಸಿಸಿಯವು. ನೋಡಲು ಆಟಿಕೆಯಂತಿದ್ದರೂ ಕಾನೂನಿನ ಕಣ್ಣಿಗೆ ಅವು ಪೂರ್ಣ ಪ್ರಮಾಣದ ಮೋಟಾರು ವಾಹನಗಳೇ. ವಿದ್ಯುತ್ ಬೈಕುಗಳಿಗೂ ಇದೇ ಬಗೆಯ ಗೆರೆಯಿದೆ: ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಂತೆ ಇದ್ದು, ಪರೀಕ್ಷಾ ಸಂಸ್ಥೆಯ ಅನುಮೋದನೆಯೂ ಇದ್ದರೆ ಮಾತ್ರ ನೋಂದಣಿ ಬೇಡ. ವಿದೇಶದಿಂದ ತರಿಸುವ, ಸದ್ದಿಲ್ಲದೆ ದಿಣ್ಣೆ ಹತ್ತುವ ವಿದ್ಯುತ್ ಡರ್ಟ್ ಬೈಕುಗಳು ಈ ಗೆರೆಯನ್ನು ಎಷ್ಟೋ ಪಟ್ಟು ದಾಟಿರುತ್ತವೆ.

ಇನ್ನು ನೋಂದಣಿ ಏಕೆ ಆಗುವುದಿಲ್ಲ ಎಂಬ ಮುಖ್ಯ ವಿಷಯ. ಭಾರತದಲ್ಲಿ ರಸ್ತೆಯ ಯೋಗ್ಯತೆಯನ್ನು ಒಂದೊಂದು ಗಾಡಿಯನ್ನೂ ನೋಡಿ ತೀರ್ಮಾನಿಸುವುದಿಲ್ಲ. ಮಾದರಿಯನ್ನು ನೋಡಿ, ಗಾಡಿ ಮಾರುಕಟ್ಟೆಗೆ ಬರುವ ಮೊದಲೇ ತೀರ್ಮಾನಿಸುತ್ತಾರೆ. ಕೇಂದ್ರ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕ ಅಥವಾ ಆಮದುದಾರ ತನ್ನ ಮಾದರಿ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಗೊತ್ತುಪಡಿಸಿದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಅಲ್ಲಿ ಹೊಗೆ, ಸದ್ದು, ಬ್ರೇಕು, ದೀಪಗಳ ಎತ್ತರ ಮತ್ತು ಕೋನ, ಹಾರ್ನು, ಕನ್ನಡಿ, ಸ್ಪೀಡೋಮೀಟರ್, ಟೈರು ಎಲ್ಲವನ್ನೂ ಒಂದೊಂದಾಗಿ ಒರೆಗೆ ಹಚ್ಚುತ್ತಾರೆ. 175 ಸಿಸಿಗಿಂತ ದೊಡ್ಡ ಬೈಕಿನ ಸದ್ದು ತಯಾರಿಕೆಯ ಹಂತದಲ್ಲಿ 80 ಡೆಸಿಬಲ್ ಮೀರಬಾರದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. ಹೊತ್ತಿಕೊಂಡೇ ಇರುವ ಹೆಡ್‌ಲೈಟು 2017ರಿಂದ ಕಡ್ಡಾಯ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ಮಾನದಂಡ ಬಂದ ಮೇಲೆ ಸೈಲೆನ್ಸರಿನೊಳಗೆ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಟ್ಯಾಂಕಿನಿಂದ ಆವಿಯಾಗುವ ಪೆಟ್ರೋಲನ್ನು ಹಿಡಿದಿಡುವ ಇದ್ದಿಲ ಡಬ್ಬಿ, ದೋಷ ಕಂಡಾಗ ಮೀಟರಿನಲ್ಲಿ ದೀಪ ತೋರಿಸುವ ವ್ಯವಸ್ಥೆ ಮುಂತಾದವು ಬೈಕಿನ ಅಂಗಗಳೇ ಆಗಿಬಿಟ್ಟಿವೆ. ಡರ್ಟ್ ಬೈಕಿಗೆ ಹಾರ್ನು ಜೋಡಿಸಬಹುದು. ಇವುಗಳನ್ನು ಕೋಲಾರದ ಗ್ಯಾರೇಜಿನಲ್ಲಿ ಜೋಡಿಸಲಾಗದು.

ಈ ಪರೀಕ್ಷೆಗಳಲ್ಲಿ ಪಾಸಾದ ಮಾದರಿಯ ಪ್ರತಿಯೊಂದು ಗಾಡಿಗೂ ತಯಾರಕ ಫಾರಂ 22 ಎಂಬ ಪ್ರಮಾಣಪತ್ರ ಕೊಡುತ್ತಾನೆ. ಈ ಗಾಡಿ ಹೊಗೆ ಮತ್ತು ಸುರಕ್ಷತೆಯ ಮಾನದಂಡಗಳಿಗೆ ಸರಿಹೊಂದುತ್ತದೆ, ರಸ್ತೆಗೆ ಯೋಗ್ಯವಾಗಿದೆ ಎಂಬುದು ಅದರ ಸಾರ. ನಮ್ಮ ಬದುಕಿನಲ್ಲಿ ಜನನ ಪ್ರಮಾಣಪತ್ರ ಏನೋ ಗಾಡಿಯ ಬದುಕಿನಲ್ಲಿ ಇದು ಹಾಗೆ. ಬೇಕಾದಾಗ ಯಾರ ಕೈಯಲ್ಲೋ ಬರೆಸಿಕೊಳ್ಳಲು ಬರುವುದಿಲ್ಲ. ನೋಂದಣಿಗೆ ಫಾರಂ 20ರಲ್ಲಿ ಅರ್ಜಿ, ಮಾರಾಟಗಾರ ಕೊಡುವ ಫಾರಂ 21, ತಯಾರಕ ಕೊಡುವ ಫಾರಂ 22, ವಿಮೆ, ವಿಳಾಸದ ದಾಖಲೆ ಬೇಕು. ಹೊರದೇಶದ ಗಾಡಿಯಾದರೆ ಕಸ್ಟಮ್ಸ್ ದಾಖಲೆಯೂ ಬೇಕು. ಟ್ರ್ಯಾಕಿಗೆಂದು ಮಾರಿದ ಬೈಕಿಗೆ ಕಂಪನಿ ಫಾರಂ 22 ಕೊಡುವುದಿಲ್ಲ. ಕೊಟ್ಟಿರುವುದು ಬಿಲ್ಲು ಮಾತ್ರ.

ಹಿಂದೆ ಎಲ್ಲವೂ ಕಾಗದದಲ್ಲಿದ್ದಾಗ ಏನೋ ಮಾಡಿ ದಾಟಿಸಿದವರ ಕಥೆಗಳನ್ನು ಕೇಳಿರುತ್ತೇವೆ. ಈಗ ಕೇಂದ್ರ ಸರ್ಕಾರದ ವಾಹನ್ ತಂತ್ರಾಂಶದಲ್ಲೇ ನೋಂದಣಿ ನಡೆಯುತ್ತದೆ. ಅನುಮೋದನೆ ಪಡೆದ ಮಾದರಿಗಳ ವಿವರ, ತಯಾರಾದ ಗಾಡಿಗಳ ಚಾಸಿ ಮತ್ತು ಎಂಜಿನ್ ನಂಬರುಗಳು ಅದರೊಳಗೆ ಮೊದಲೇ ಸೇರಿರುತ್ತವೆ. ಅಲ್ಲಿಲ್ಲದ ಗಾಡಿಯನ್ನು ಕಚೇರಿಯವರು ಮನಸ್ಸು ಮಾಡಿದರೂ ಸೇರಿಸುವುದು ಸುಲಭವಲ್ಲ. ಇದೆಲ್ಲದರ ಮೇಲೆ, ಕಾಯ್ದೆಯ ಅಗತ್ಯಗಳಿಗೆ ಹೊಂದದ ವಾಹನದ ನೋಂದಣಿಯನ್ನು ನಿರಾಕರಿಸುವ ಅಧಿಕಾರವನ್ನು 45ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಒಬ್ಬ ವ್ಯಕ್ತಿ ತನ್ನ ಒಂದೇ ಒಂದು ಬೈಕನ್ನು ಪುಣೆಗೆ ಒಯ್ದು ಪರೀಕ್ಷೆ ಮಾಡಿಸಬಹುದಲ್ಲ ಎಂದು ಕೇಳಬಹುದು. ಆ ವ್ಯವಸ್ಥೆ ಇರುವುದು ಸಾವಿರಾರು ಗಾಡಿ ಮಾರುವ ತಯಾರಕರನ್ನು ಕಣ್ಣಮುಂದಿಟ್ಟುಕೊಂಡು. ಅದರ ಖರ್ಚಿನಲ್ಲಿ ರಸ್ತೆಗೆ ಅನುಮೋದನೆಯಿರುವ ಒಳ್ಳೆಯ ಬೈಕುಗಳನ್ನು ಮನೆ ಮುಂದೆ ಸಾಲಾಗಿ ನಿಲ್ಲಿಸಬಹುದು.

ಇಲ್ಲಿಗೆ ನೇರ ದಾರಿ ಮುಚ್ಚಿತು. ಅಡ್ಡದಾರಿಗಳ ಮಾತು ಶುರುವಾಗುವುದು ಇಲ್ಲಿಂದಲೇ. ಅವುಗಳಲ್ಲಿ ಹೆಚ್ಚು ಕೇಳಿಬರುವುದು ಹಳೆಯ ಆರ್‌ಸಿಯ ಉಪಾಯ: ಗುಜರಿಗೆ ಹೋದ ಯಾವುದೋ ಬೈಕಿನ ಆರ್‌ಸಿಯನ್ನೂ ನಂಬರ್ ಪ್ಲೇಟನ್ನೂ ಡರ್ಟ್ ಬೈಕಿಗೆ ತಗುಲಿಸಿಕೊಂಡು ಓಡಾಡುವುದು. ಮಾಲೀಕತ್ವ ವರ್ಗಾವಣೆಗೋ ಹದಿನೈದು ವರ್ಷದ ನವೀಕರಣಕ್ಕೋ ಕಚೇರಿಗೆ ಹೋದ ದಿನ ಇದು ಬಯಲಾಗುತ್ತದೆ. ಕಚೇರಿಯ ಹೊರಗೆ ಮರದ ಕೆಳಗೆ ನಡೆಯುವ ಆ ಕೆಲಸವನ್ನು ನೋಡಿದವರಿಗೆ ಗೊತ್ತು: ಹ್ಯಾಂಡಲಿನ ಕೆಳಗೆ ಚಾಸಿಯ ಕತ್ತಿನ ಮೇಲಿರುವ ನಂಬರನ್ನು ಬಟ್ಟೆಯಿಂದ ಒರೆಸಿ, ಅದರ ಮೇಲೆ ಪೆನ್ಸಿಲ್ ಉಜ್ಜಿ, ಸೆಲೋಟೇಪನ್ನು ಉಗುರಿನಿಂದ ಒತ್ತಿ ಎತ್ತಿದರೆ ಒಂದೊಂದು ಅಂಕಿಯೂ ಟೇಪಿನ ಮೇಲೆ ಮೂಡಿ ಬರುತ್ತದೆ, ಆ ಟೇಪನ್ನು ಅರ್ಜಿಯ ಮೇಲೆ ಅಂಟಿಸುತ್ತಾರೆ. ಉಜ್ಜಿ ತೆಗೆದು ಮತ್ತೆ ಕೊರೆದ ಅಂಕಿಯ ಅಂಚು ಕಂಪನಿಯ ಅಂಕಿಯಂತೆ ಇರುವುದಿಲ್ಲ, ಪಳಗಿದ ಕಣ್ಣಿಗೆ ಅದು ತಟ್ಟನೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಅದು ಟ್ರಾಫಿಕ್ ದಂಡದ ವಿಷಯವಲ್ಲ, ಫೋರ್ಜರಿಯ ವಿಷಯ.

ಎರಡನೆಯದು, ಇರುವ ಬೈಕನ್ನೇ ಡರ್ಟ್ ಬೈಕಿನಂತೆ ಮಾಡಿಕೊಳ್ಳುವುದು. ಹಳ್ಳಿಗಳಲ್ಲಿ ಹಳೆಯ ಸ್ಪ್ಲೆಂಡರಿನ ಸೈಲೆನ್ಸರ್ ಕೊಯ್ದು, ಹಿಂದಿನ ಮಡ್‌ಗಾರ್ಡ್ ಕಿತ್ತು, ಚಾಸಿಗೆ ವೆಲ್ಡಿಂಗ್ ಮಾಡಿ, ಗಡ್ಡೆಗಡ್ಡೆಯ ಟೈರು ಹಾಕಿ ನಿಲ್ಲಿಸಿದ ಗಾಡಿಗಳು ಕಾಣಸಿಗುತ್ತವೆ. ಅವುಗಳನ್ನು ಕಟ್ಟಿದವರ ಕೈಚಳಕವನ್ನು ಮೆಚ್ಚಲೇಬೇಕು, ಆದರೆ 52ನೇ ಸೆಕ್ಷನ್ ಅದನ್ನು ಮೆಚ್ಚುವುದಿಲ್ಲ. ಆರ್‌ಸಿಯಲ್ಲಿರುವ ವಿವರಗಳು ತಯಾರಕ ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಅದು ಹೇಳುತ್ತದೆ. ಕೇರಳದ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ನೋಂದಣಿಯೇ ಇಲ್ಲದ ಗಾಡಿಯನ್ನು ಓಡಿಸಿದರೆ ಮೊದಲ ಸಲ 2,000ದಿಂದ 5,000 ರೂಪಾಯಿ. ಮತ್ತೆ ಸಿಕ್ಕಿಬಿದ್ದರೆ 5,000ದಿಂದ 10,000 ರೂಪಾಯಿ ಅಥವಾ ಒಂದು ವರ್ಷದವರೆಗೆ ಜೈಲು. ಗಾಡಿಯನ್ನು ಹಿಡಿದು ಠಾಣೆಯಲ್ಲಿ ನಿಲ್ಲಿಸಿಕೊಳ್ಳುವ ಅಧಿಕಾರ 207ನೇ ಸೆಕ್ಷನ್ ಅಡಿ ಪೊಲೀಸರಿಗಿದೆ. ದಾಖಲೆ ತೋರಿಸಿ ಬಿಡಿಸಿಕೊಳ್ಳಬೇಕು, ತೋರಿಸಲು ದಾಖಲೆಯೇ ಇಲ್ಲದವರ ಪಾಡು ಊಹಿಸಬಹುದು.

ದಂಡದ ಲೆಕ್ಕ ಇಷ್ಟೇ ಆಗಿದ್ದರೆ ಕಟ್ಟಿ ಮುಂದೆ ಹೋಗುವವರು ಇದ್ದೇ ಇರುತ್ತಿದ್ದರು. ನಿಜವಾದ ಹೊರೆ ವಿಮೆಯದು. ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ. ನೋಂದಣಿಯಾಗಲು ಬಾರದ ಡರ್ಟ್ ಬೈಕಿಗೆ ಆ ವಿಮೆ ಸಿಗುವುದಿಲ್ಲ. ಸಂಜೆ ಹೊತ್ತಿನಲ್ಲಿ ಊರ ಮುಂದಿನ ರಸ್ತೆಯಲ್ಲಿ ಒಬ್ಬ ಮುದುಕರಿಗೋ ಹಾಲು ಹಾಕಿ ಬರುತ್ತಿದ್ದ ಹೆಂಗಸಿಗೋ ಗಾಡಿ ಬಡಿದು ಸಾವುನೋವಾದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿಗದಿಪಡಿಸುವ ಮೊತ್ತವನ್ನು ಸವಾರನೂ ಮಾಲೀಕನೂ ತಮ್ಮ ಕೈಯಿಂದಲೇ ಕಟ್ಟಬೇಕು. ಅದು ಲಕ್ಷಗಳಲ್ಲಿರುತ್ತದೆ, ಜಮೀನು, ಮನೆ ಜಪ್ತಿಗೆ ಬರುತ್ತದೆ. ಸ್ವಂತ ಗಾಡಿಯ ನಷ್ಟಕ್ಕೆ ವಿಮೆ ಇದ್ದಾಗಲೂ ನೋಂದಣಿ ಎಷ್ಟು ಮುಖ್ಯ ಎಂಬುದು 2014ರ ನರಿಂದರ್ ಸಿಂಗ್ ಪ್ರಕರಣದಲ್ಲಿ ಕಾಣುತ್ತದೆ. ಅಲ್ಲಿ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೆ ಅಪಘಾತವಾಗಿತ್ತು. ವಿಮೆ ಚಾಲ್ತಿಯಲ್ಲಿದ್ದರೂ, ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸಿದ್ದು ಷರತ್ತಿನ ಮೂಲಭೂತ ಉಲ್ಲಂಘನೆಯೆಂದು ಹೇಳಿ ಸುಪ್ರೀಂ ಕೋರ್ಟು ಪರಿಹಾರ ನಿರಾಕರಿಸಿದ್ದನ್ನು ಒಪ್ಪಿತು.

ಹಾಗಾದರೆ ಕಲ್ಲುಮುಳ್ಳಿನ ದಾರಿಯ ಆಸೆಯನ್ನೇ ಬಿಡಬೇಕೆ? ಬೇಕಿಲ್ಲ, ಹೊರಡುವ ಕಡೆಯನ್ನು ತಿರುಗಿಸಿಕೊಂಡರೆ ಸಾಕು. ಡರ್ಟ್ ಬೈಕನ್ನು ರಸ್ತೆಗೆ ತರಲು ಹೆಣಗುವ ಬದಲು, ರಸ್ತೆಗೆ ಅನುಮೋದನೆ ಪಡೆದೇ ಬಂದ ಬೈಕನ್ನು ಮಣ್ಣಿಗೆ ಇಳಿಸಬೇಕು. 2011ರಲ್ಲಿ ಹೀರೊ ಕಂಪನಿಯ ಇಂಪಲ್ಸ್ ಬಂದಾಗ ಅಂಥದ್ದನ್ನು ಕೊಳ್ಳುವವರು ಕಡಿಮೆಯಿದ್ದರು. ಈಗ ಹಾಗಿಲ್ಲ. ಅದೇ ಕಂಪನಿಯ ಎಕ್ಸ್‌ಪಲ್ಸ್ 200 ಬೈಕು 2019ರಲ್ಲಿ ಬಂದು ನಮ್ಮ ಕಡೆಯ ಕಿರಿದಾರಿಗಳಿಗೆ ಹೇಳಿ ಮಾಡಿಸಿದಂತೆ ಒಗ್ಗಿಕೊಂಡಿತು; ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂದೆ 21 ಇಂಚಿನ ಚಕ್ರ, ಹಳ್ಳಿಯ ಮೆಕ್ಯಾನಿಕ್ ಕೂಡ ಬಿಚ್ಚಿ ಕಟ್ಟಬಲ್ಲ ಎಂಜಿನ್. 2022ರಲ್ಲಿ ಕಂಪನಿ ತಾನೇ ಉದ್ದ ಸಸ್ಪೆನ್ಷನ್ ಕೂಡಿಸಿ ರ‍್ಯಾಲಿ ಆವೃತ್ತಿಯನ್ನು ಮಾರಿತು. ಕವಾಸಾಕಿಯದು ಇನ್ನೂ ಸ್ವಾರಸ್ಯದ ಉದಾಹರಣೆ: 233 ಸಿಸಿಯ ಒಂದೇ ಕುಟುಂಬದಲ್ಲಿ ಕೆಎಲ್‌ಎಕ್ಸ್ 230 ರಸ್ತೆಗೆ ಅನುಮೋದನೆ ಪಡೆದದ್ದು, ಕೆಎಲ್‌ಎಕ್ಸ್ 230ಆರ್ ಎಸ್ ರಸ್ತೆಗೆ ಇಳಿಯುವಂತಿಲ್ಲದ್ದು. ಹೊರನೋಟಕ್ಕೆ ಅಣ್ಣತಮ್ಮಂದಿರಂತಿರುವ ಈ ಎರಡರ ನಡುವಿನ ಅಂತರವನ್ನು ನಾಲ್ಕು ದೀಪಗಳಿಂದ ತುಂಬಲಾಗದು. ಕೆಟಿಎಂ 390 ಎಂಡ್ಯೂರೊ ಆರ್ 2025ರಲ್ಲಿ ಬಂತು. ಅದೇ ಕಂಪನಿಯ 350 ಇಎಕ್ಸ್‌ಸಿ-ಎಫ್ ಯುರೋಪಿನಲ್ಲಿ ನಂಬರ್ ಪ್ಲೇಟ್ ಹೊತ್ತು ಓಡುತ್ತದಾದರೂ ಇಲ್ಲಿ ಟ್ರ್ಯಾಕಿಗೇ ಸೀಮಿತ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರಗಳನ್ನು ನಿಧಾನವಾಗಿ ಓದಿಕೊಳ್ಳಿ.

ಇಂಥ ಬೈಕು ಕೊಂಡ ಮೇಲೆ ಏನನ್ನು ಬದಲಿಸಬಹುದು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಸರಳ: ಗಾಡಿಯ ಮೂಲ ಲಕ್ಷಣ ಬದಲಾಗುತ್ತದೆಯೇ, ಪರೀಕ್ಷೆಯಲ್ಲಿ ಅಳೆದ ಯಾವುದಾದರೂ ಅಂಗ ಹೋಗುತ್ತದೆಯೇ? ಎಂಜಿನ್ ಅಡಿಯ ಲೋಹದ ತಟ್ಟೆ, ಕೈಗವಸಿನಂತೆ ಹ್ಯಾಂಡಲಿಗೆ ಹಾಕುವ ಗಾರ್ಡು, ರೇಡಿಯೇಟರಿನ ಜಾಲರಿ ಇವುಗಳಿಂದ ತೊಂದರೆಯಿಲ್ಲ. ಟೈರನ್ನು ಕಂಪನಿ ಹೇಳಿದ ಅಳತೆಯಲ್ಲೇ, ಐಎಸ್‌ಐ ಗುರುತಿರುವಂಥದ್ದನ್ನು ಹಾಕಿಸಬೇಕು. ಟ್ರ್ಯಾಕ್ ಸ್ಪರ್ಧೆಯ ಟೈರುಗಳ ಬದಿಯಲ್ಲಿ ಹೆದ್ದಾರಿಯ ಬಳಕೆಗೆ ಅಲ್ಲವೆಂದು ಅಚ್ಚೊತ್ತಿರುತ್ತದೆ, ಮತ್ತು ಅದಕ್ಕೆ ಕಾರಣವಿದೆ: ಒದ್ದೆ ಟಾರಿನ ಮೇಲೆ ಬ್ರೇಕ್ ಹಿಡಿದಾಗ ಆ ಎತ್ತರದ ರಬ್ಬರ್ ಗಡ್ಡೆಗಳು ಮಗುಚಿಕೊಂಡು ನೆಲದ ಹಿಡಿತ ಬಿಟ್ಟುಬಿಡುತ್ತವೆ. ಸೈಲೆನ್ಸರನ್ನು ಮುಟ್ಟಲೇಬೇಡಿ, ಹೊಗೆ ಮತ್ತು ಸದ್ದಿನ ನಿಯಮ ಮುರಿದರೆ 190ನೇ ಸೆಕ್ಷನ್ ಅಡಿ 10,000 ರೂಪಾಯಿವರೆಗೆ ದಂಡವಿದೆ, ಡಿಎಲ್ ಕೂಡ ಮೂರು ತಿಂಗಳು ಅಮಾನತಾಗುತ್ತದೆ. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡನ್ನು ಷೋರೂಮಿನಿಂದ ಬಂದ ಮರುದಿನವೇ ಕಿತ್ತೆಸೆಯುವವರು ಹೆಚ್ಚು, ಆದರೆ ಅದೂ 123ನೇ ನಿಯಮದಲ್ಲಿ ಕಡ್ಡಾಯವಾಗಿರುವ ಅಂಗ. ಕನ್ನಡಿಗಳು ಬಂಡೆಗೆ ಬಡಿದು ಒಡೆಯುತ್ತವೆಂಬ ಚಿಂತೆಯಿದ್ದರೆ ಟ್ರ್ಯಾಕಿನ ಅಥವಾ ಸ್ವಂತ ತೋಟದ ಬಾಗಿಲಲ್ಲಿ ನಿಂತು ಸ್ಪ್ಯಾನರಿನಿಂದ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು, ರಸ್ತೆಗೆ ಮರಳುವ ಮುನ್ನ ಮತ್ತೆ ಹಾಕಿಕೊಳ್ಳಬಹುದು. ಎರಡು ನಿಮಿಷದ ಕೆಲಸ.

ಅಪ್ಪಟ ಡರ್ಟ್ ಬೈಕೇ ಬೇಕೆನ್ನುವವರು ಅದನ್ನು ಎಲ್ಲಿ ಓಡಿಸಬೇಕು ಎಂಬುದು ಉಳಿದ ಪ್ರಶ್ನೆ. ಸ್ವಂತ ತೋಟದಲ್ಲಿ, ಬೇರೆಯವರಿಗೆ ಪ್ರವೇಶದ ಹಕ್ಕಿಲ್ಲದ ಬೇಲಿಯೊಳಗೆ, ನೋಂದಣಿಯ ಮಾತೇ ಏಳುವುದಿಲ್ಲ. ಡಕಾರ್ ರ‍್ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯ ಬೈಕ್ ಸವಾರ ಸಿ.ಎಸ್. ಸಂತೋಷ್ ನಮ್ಮ ಕೋಲಾರ ಜಿಲ್ಲೆಯಲ್ಲೇ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದು ಇಂಥ ಸವಾರಿಗೆಂದೇ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮಾತು ಬೇರೆ. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ರಾಶಿಬಿದ್ದು ಬೆಟ್ಟಗಳಾಗಿರುವ ಅಲ್ಲಿ ಗಾಡಿ ಓಡಿಸುವ ಮೋಜನ್ನು ಬಲ್ಲವರೇ ಬಲ್ಲರು; ಆದರೆ 2001ರಲ್ಲಿ ಗಣಿ ಮುಚ್ಚಿತೆಂದ ಮಾತ್ರಕ್ಕೆ ಆ ನೆಲ ಯಾರದೂ ಅಲ್ಲವೆಂದಾಗುವುದಿಲ್ಲ, ಅನುಮತಿಯಿಲ್ಲದೆ ನುಗ್ಗಬಾರದು, ಏಳುವ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರಿಲ್ಲದ ಕೆರೆಯಂಗಳ ಹುಡುಗರ ಅಚ್ಚುಮೆಚ್ಚಿನ ಜಾಗ. ಅದು ಊರಿಗೆಲ್ಲ ಸೇರಿದ್ದು ಎಂಬ ಕಾರಣಕ್ಕೇ ಸಾರ್ವಜನಿಕ ಸ್ಥಳ ಎನಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅಂತರಗಂಗೆಯಂಥ ಗುಡ್ಡಗಳ ಮೀಸಲು ಅರಣ್ಯದಲ್ಲಿ ಆರ್‌ಸಿ ಇದ್ದರೂ ಇಲ್ಲದಿದ್ದರೂ ಅಷ್ಟೇ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಕ್ರಮ ಪ್ರವೇಶವೇ ಅಪರಾಧ. ಜಾತ್ರೆ, ಹಬ್ಬದ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ನಡೆಸಲು ಹೊರಡುವವರಿಗೆ ಸರ್ಕಾರದ ಲಿಖಿತ ಒಪ್ಪಿಗೆ ಬೇಕೆಂದು 189ನೇ ಸೆಕ್ಷನ್ ಹೇಳುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಎಲ್ಲಕ್ಕಿಂತ ಕಠಿಣ. ಅಪ್ರಾಪ್ತ ವಯಸ್ಸಿನ ಮಗ 49 ಸಿಸಿಯ ಆ ಪುಟ್ಟ ಬೈಕನ್ನು ಬೀದಿಯಲ್ಲಿ ಓಡಿಸಿ ಅಪರಾಧವಾದರೆ 199ಎ ಸೆಕ್ಷನ್ ಪೋಷಕರನ್ನೇ ಹೊಣೆ ಮಾಡುತ್ತದೆ: ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಮಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. ಓಡಿಸುವುದನ್ನು ಕಲಿಯಲೇಬೇಕೆಂದರೆ ತೋಟದ ಬೇಲಿಯೊಳಗೆ, ಹೆಲ್ಮೆಟ್ಟು ಮತ್ತು ಮೊಣಕಾಲಿನ ಕವಚ ಹಾಕಿಕೊಂಡು ಕಲಿಯಲಿ.

ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕನ್ನು ಟ್ರ್ಯಾಕಿಗೆಂದೇ ಕೊಳ್ಳುವವರು ಮೂಲ ಬಿಲ್ಲನ್ನು ಕೇಳಿ ಪಡೆಯಬೇಕು. ಹೊರದೇಶದಿಂದ ನೇರವಾಗಿ ತರಿಸಿದ್ದಾದರೆ ಬಿಲ್ ಆಫ್ ಎಂಟ್ರಿ ಎಂಬ ಕಸ್ಟಮ್ಸ್ ಕಾಗದವೂ ಇರಬೇಕು, ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ನೋಡಬೇಕು. ಬೇರೆ ರಾಜ್ಯದಲ್ಲಿ ನಂಬರ್ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಕಾಯ್ದೆ ದೇಶಕ್ಕೆಲ್ಲ ಒಂದೇ, ಬಹುತೇಕ ಎಲ್ಲ ರಾಜ್ಯಗಳಲ್ಲೂ ವಾಹನ್ ತಂತ್ರಾಂಶವೂ ಅದೇ. ಟ್ರ್ಯಾಕಿಗೆ ಒಯ್ಯುವುದು ಟಾಟಾ ಏಸ್ ಅಥವಾ ಬೊಲೆರೊ ಪಿಕಪ್‌ನಲ್ಲಿ. ಮುಂದಿನ ಚಕ್ರವನ್ನು ಕ್ಯಾಬಿನ್ನಿನ ಗೋಡೆಗೆ ಒತ್ತಿ ನಿಲ್ಲಿಸಿ, ಹ್ಯಾಂಡಲಿನ ಎರಡೂ ಬದಿಯಿಂದ ಬೆಲ್ಟು ಬಿಗಿದು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಅರ್ಧದಷ್ಟು ಕುಗ್ಗುವಂತೆ ಎಳೆದು ಕಟ್ಟಿದರೆ ಗಾಡಿ ಅಲುಗಾಡುವುದಿಲ್ಲ. ಮುಂದಿನ ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಮರದ ತುಂಡೊಂದನ್ನು ಕೊಟ್ಟರೆ ಫೋರ್ಕಿನ ಸೀಲುಗಳೂ ಉಳಿಯುತ್ತವೆ. ಬಿಲ್ಲಿನ ಜೆರಾಕ್ಸ್ ಪ್ರತಿಯನ್ನು ಡ್ರೈವರ್ ಕೈಯಲ್ಲಿ ಕೊಟ್ಟಿರಿ, ದಾರಿಯಲ್ಲಿ ಯಾರಾದರೂ ತಡೆದು ನಂಬರ್ ಪ್ಲೇಟ್ ಎಲ್ಲಿ ಎಂದು ಕೇಳುವುದು ಖಂಡಿತ.